ಪೌರತ್ವದ ಹೊಸ್ತಿಲಲ್ಲಿ ಮಗಳು: ಊರಿಗೆ ಬರಬಹುದೇ?

ನಿಮ್ಮ ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಈ ಮಾತನ್ನು ನೀವೂ ಕೇಳಿರುತ್ತೀರಿ: "ಸಿಟಿಜನ್‌ಶಿಪ್‌ಗೆ ಹಾಕಿದ್ದೀವಿ ಅಮ್ಮಾ, ಇನ್ನೇನು ಕೊನೇ ಹಂತ." ಕೇಳಿದ ಕೂಡಲೇ ನಾವೇನು ಮಾಡುತ್ತೇವೆ? ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚುತ್ತೇವೆ. ಆಮೇಲೆ "ಹಾಗಾದರೆ ಈ ಸಲ ಗೌರಿಹಬ್ಬಕ್ಕೆ ಬರೋದಿಲ್ಲ ಅಂತಾಯ್ತು" ಎಂದು ನಮಗೆ ನಾವೇ ತೀರ್ಮಾನಿಸಿಕೊಂಡು, ಅವಳಿಗೆಂದು ಕುಟ್ಟಿಟ್ಟ ಚಟ್ನಿಪುಡಿಯನ್ನು ಪಕ್ಕದ ಮನೆಗೆ ಕೊಟ್ಟುಬಿಡುತ್ತೇವೆ. ಬರಬಹುದೋ ಬಾರದೋ ಎಂದು ಕೇಳುವುದೇ ಇಲ್ಲ.

ಹಾಗೆ ಕೇಳದೇ ಇದ್ದದ್ದರಿಂದ ಏನಾಯಿತು ಅಂತ ಹೇಳ್ತೀನಿ, ಕೇಳಿ.

ನಾನಿರುವುದು ಬೆಂಗಳೂರಿನ ಅಂಚಿನ ಬ್ರೂಕ್‌ಫೀಲ್ಡಿನಲ್ಲಿ. ಒಂದು ಮಗ್ಗುಲಿಗೆ ಕುಂದಲಹಳ್ಳಿ, ಇನ್ನೊಂದು ಮಗ್ಗುಲಿಗೆ ಐಟಿಪಿಎಲ್‌ಗೆ ಹೋಗುವ ರಸ್ತೆ, ಸುತ್ತ ಸಾಫ್ಟ್‌ವೇರ್ ಕಂಪೆನಿಗಳು. ಇಲ್ಲಿಯ ಫ್ಲ್ಯಾಟುಗಳಲ್ಲಿ ಒಂದು ವಿಚಿತ್ರ ನೋಡಿ. ಮನೆ ಕೊಂಡವರು ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುತ್ತಾರೆ. ಬೀಗದ ಕೈ ಮಾತ್ರ ತಿಪಟೂರು, ಹಾಸನ, ಶಿವಮೊಗ್ಗಗಳಿಂದ ಬಂದ ಅವರ ಅಮ್ಮಂದಿರ ಸೊಂಟದಲ್ಲಿ! ಸಂಜೆ ಐದೂವರೆಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಏಳೆಂಟು ಮಂದಿ ಸೇರುತ್ತೇವೆ. ಸೊಪ್ಪಿನ ಬೆಲೆ, ಮಂಡಿನೋವು, ಧಾರಾವಾಹಿ ಎಲ್ಲಾ ಮುಗಿದ ಮೇಲೆ ಮಾತು ಗ್ರೀನ್ ಕಾರ್ಡಿಗೇ ಬಂದು ನಿಲ್ಲುತ್ತದೆ.

ಗುಂಪಿಗೆಲ್ಲಾ ಹಿರಿಯರೊಬ್ಬರಿದ್ದಾರೆ. ನಾವು ಅಕ್ಕ ಅಂತಲೇ ಕರೆಯೋದು. ಹೋದ ವರ್ಷ ಅವರ ಯಜಮಾನರಿಗೆ ಎದೆನೋವು ಬಂತು. ಮೂರು ಕಡೆ ಬ್ಲಾಕ್ ಇದೆ, ಬೈಪಾಸ್ ಆಗಲೇಬೇಕು ಅಂದರು ಡಾಕ್ಟರು. ಒಬ್ಬಳೇ ಮಗಳು, ನ್ಯೂಜೆರ್ಸಿಯಲ್ಲಿ. ಪೌರತ್ವದ ಇಂಟರ್‌ವ್ಯೂ ಮುಗಿದು ಎರಡು ವಾರವಾಗಿತ್ತು, ಪ್ರಮಾಣವಚನಕ್ಕೆ ಕರೆ ಬರುವುದೊಂದು ಬಾಕಿ. ಅಕ್ಕ ಮಗಳಿಗೆ ಹೇಳಲೇ ಇಲ್ಲ! ಅವಳ ವಿಡಿಯೋ ಕಾಲ್ ಬಂದಾಗ ಆಸ್ಪತ್ರೆಯಿಂದ ಹೊರಗೆ ಓಡಿಬಂದು, ಹೊಂಗೆಮರದ ಕೆಳಗೆ ನಿಂತು, "ಅಪ್ಪ ವಾಕಿಂಗ್ ಹೋಗಿದ್ದಾರೆ ಪುಟ್ಟಾ" ಅಂದರಂತೆ. ಆಪರೇಷನ್ನಿನ ಕಾಗದಕ್ಕೆ ಮೈದುನನ ಕೈಲಿ ರುಜು ಹಾಕಿಸಿದರು. "ಹನ್ನೆರಡು ವರ್ಷ ಕಾದಿದಾಳೆ ಕಣ್ರೀ, ಕೊನೇ ಗಳಿಗೇಲಿ ನಾನೇ ಅದನ್ನ ಕೆಡಿಸ್ಲಾ?" ಎಂದು ನಮ್ಮೆದುರಿಗೆ ಕಣ್ಣೊರೆಸಿಕೊಂಡರು. ನಾವೂ "ಸರಿ ಬಿಡಿ ಅಕ್ಕ" ಅಂದೆವು. ನಮ್ಮ ಬುದ್ಧಿಗಿಷ್ಟು!

ಇಪ್ಪತ್ತು ದಿನ ಕಳೆದ ಮೇಲೆ ಬನಿಯನ್ನಿನ ಕತ್ತಿನಿಂದ ಇಣುಕಿದ ಹೊಲಿಗೆಯ ಗುರುತನ್ನು ಮಗಳು ಫೋನಿನಲ್ಲೇ ಕಂಡುಬಿಟ್ಟಳು. ಅವಳು ಅತ್ತದ್ದಕ್ಕಿಂತ ಸಿಟ್ಟಾದದ್ದು ಹೆಚ್ಚು. "ಹತ್ತು ದಿನ ರಜಾ ಹಾಕಿ ಬಂದು ಹೋಗಬಹುದಿತ್ತಲ್ಲಮ್ಮಾ! ಬರಕೂಡದು ಅಂತ ಯಾರು ಹೇಳಿದ್ದು ನಿಂಗೆ?"

ಯಾರೂ ಹೇಳಿರಲಿಲ್ಲ. ಅಕ್ಕನ ಹೆದರಿಕೆ ಹುಟ್ಟಿದ್ದು ಹಳೆಯ ಒಂದು ಪ್ರಸಂಗದಿಂದ. ಆರೇಳು ವರ್ಷದ ಕೆಳಗೆ ಗ್ರೀನ್ ಕಾರ್ಡಿಗೇ ಅರ್ಜಿ ಹಾಕಿ ಕಾಯುತ್ತಿದ್ದಾಗ, ಮಗಳಿಗೆ ಅಜ್ಜಿಯ ವೈಕುಂಠ ಸಮಾರಾಧನೆಗೂ ಬರಲಾಗಿರಲಿಲ್ಲ. ಆ ಹಂತದಲ್ಲಿ ನಿಜವಾಗಿಯೂ ತೊಡಕುಂಟು. ಎಷ್ಟೋ ಜನರು ಮುಂಚಿತವಾಗಿ ಪ್ರಯಾಣದ ಅನುಮತಿಪತ್ರ ತೆಗೆದುಕೊಳ್ಳದೆ ದೇಶ ಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಆದರೆ ಗ್ರೀನ್ ಕಾರ್ಡಿಗೆ ಕಾಯುವುದೇ ಬೇರೆ, ಗ್ರೀನ್ ಕಾರ್ಡ್ ಕೈಲಿಟ್ಟುಕೊಂಡು ಪೌರತ್ವಕ್ಕೆ ಕಾಯುವುದೇ ಬೇರೆ. ನಮ್ಮಂಥವರು ಎರಡನ್ನೂ ಒಂದೇ ಡಬ್ಬಿಗೆ ಸುರಿದುಬಿಡುತ್ತೇವೆ, ತೊಂದರೆ ಬಂದದ್ದೇ ಅಲ್ಲಿ.

ಪೌರತ್ವದ ನಿಯಮ ಹೀಗಿದೆ. ಗ್ರೀನ್ ಕಾರ್ಡ್ ಸಿಕ್ಕ ಐದು ವರ್ಷಕ್ಕೆ ಎನ್-400 ಎಂಬ ನಮೂನೆಯಲ್ಲಿ ಅರ್ಜಿ ಹಾಕುತ್ತಾರೆ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಯಲ್ಲೇ ಸಂಸಾರ ಮಾಡುತ್ತಿರುವವರಿಗೆ ಮೂರು ವರ್ಷ ಸಾಕು. ಅರ್ಜಿ ಹಾಕಿದ ಮೇಲೂ, ಇಂಟರ್‌ವ್ಯೂ ಪಾಸಾದ ಮೇಲೂ, ಕೈಯೆತ್ತಿ ಪ್ರಮಾಣ ಮಾಡುವ ಗಳಿಗೆಯವರೆಗೂ ಅವರು ಭಾರತದ ಪ್ರಜೆಗಳೇ, ಅಲ್ಲಿ ಗ್ರೀನ್ ಕಾರ್ಡಿನವರೇ. ನಮ್ಮ ದೇಶದ ಪಾಸ್‌ಪೋರ್ಟನ್ನೂ ಆ ಕಾರ್ಡನ್ನೂ ಹಿಡಿದು ಬರಬಹುದು, ಹೋಗಬಹುದು. ಅದಕ್ಕೆ ಬೇರೆ ಅಪ್ಪಣೆ ಬೇಕಿಲ್ಲ. ಈ ನಡುವೆ ಕಾರ್ಡಿನ ಅವಧಿ ಮುಗಿದಿದ್ದರೂ ಗಾಬರಿ ಬೇಡ. 2022ರ ಡಿಸೆಂಬರಿನಿಂದೀಚೆಗೆ ಅರ್ಜಿ ಹಾಕಿದವರ ಕಾರ್ಡು ತಾನಾಗಿಯೇ 24 ತಿಂಗಳು ಮುಂದುವರಿಯುತ್ತದೆ. ಅರ್ಜಿಯ ರಸೀದಿ ಪತ್ರವನ್ನು ಕಾರ್ಡಿನ ಜೊತೆಗೇ ಇಟ್ಟುಕೊಂಡಿರಬೇಕು ಅಷ್ಟೆ. ಹಿಂದೆ ಯಾವುದಾದರೂ ಪೊಲೀಸ್ ಕೇಸು ಇದ್ದವರು ಮಾತ್ರ ವಕೀಲರನ್ನು ಕೇಳದೆ ವಿಮಾನ ಹತ್ತಬಾರದು.

ಹಾಗಂತ ಬಂದವರನ್ನು ಬಾಣಂತನ ಮುಗಿಯುವವರೆಗೂ ಇಟ್ಟುಕೊಳ್ಳಬೇಡಿ! ಒಂದೇ ಸಲಕ್ಕೆ ಆರು ತಿಂಗಳು ಮೀರಿ ಹೊರಗಿದ್ದರೆ, ಅಲ್ಲಿಯ ವಾಸ ಮುರಿಯಿತೆಂದು ಅಧಿಕಾರಿಗಳು ಭಾವಿಸುತ್ತಾರೆ. ಮುರಿದಿಲ್ಲವೆಂದು ಸಾಧಿಸುವ ಹೊಣೆ ಅರ್ಜಿದಾರರದು. ವರ್ಷ ತುಂಬಿಬಿಟ್ಟರೆ ಸಾಧಿಸುವ ದಾರಿಯೂ ಮುಚ್ಚಿಹೋಗುತ್ತದೆ. ಅರ್ಜಿ ಹಾಕುವುದಕ್ಕೆ ಮುಂಚಿನ ಐದು ವರ್ಷದಲ್ಲಿ ಒಟ್ಟು 30 ತಿಂಗಳಾದರೂ ಅಲ್ಲೇ ಇದ್ದಿರಬೇಕೆಂಬ ಲೆಕ್ಕ ಬೇರೆ. ಹತ್ತು ಹದಿನೈದು ದಿನ ಬಂದು ಹೋಗುವವರಿಗೆ ಇದಾವುದೂ ತಾಕುವುದಿಲ್ಲ.

ತಾಕುವುದು ಟಪಾಲು. ಬೆರಳಚ್ಚಿಗೆ, ಇಂಟರ್‌ವ್ಯೂಗೆ, ಪ್ರಮಾಣಕ್ಕೆ ಇಂಥ ದಿನ ಬಾ ಎಂಬ ನೋಟೀಸು ಅಲ್ಲಿಯ ಮನೆಗೆ ಬಂದು ಬಿದ್ದಿರುತ್ತದೆ, ಇವರು ಇಲ್ಲಿ ಹೋಳಿಗೆ ತಟ್ಟುತ್ತಿರುತ್ತಾರೆ. ಅಲ್ಲಿ ಪಕ್ಕದ ಮನೆಯವರಿಗೆ ಟಪಾಲು ಪೆಟ್ಟಿಗೆಯ ಕೀಲಿ ಕೊಟ್ಟು ಬರಲಿ. ಕಂಪ್ಯೂಟರಿನಲ್ಲಿ ಖಾತೆ ತೆರೆದು ಅರ್ಜಿ ಹಾಕಿದ್ದರೆ ಅದನ್ನೂ ದಿನಾ ನೋಡುತ್ತಿರಲಿ. ಬರಲಾಗದಿದ್ದರೆ ದಿನ ಬದಲಿಸಿ ಎಂದು ಮುಂಚೆಯೇ ಬರೆದುಕೊಂಡರೆ ಬದಲಿಸಿಕೊಡುವುದುಂಟು, ಆದರೆ ಹೊಸ ದಿನ ಎಂದು ಸಿಗುತ್ತದೋ. ಹೇಳದೆ ಕೇಳದೆ ಪ್ರಮಾಣಕ್ಕೆ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡರೆ ಅರ್ಜಿಯೇ ತಿರಸ್ಕಾರವಾದೀತು. ಪ್ರಮಾಣದ ದಿನ ತುಂಬಿಕೊಡುವ ಕಾಗದದಲ್ಲಿ "ಇಂಟರ್‌ವ್ಯೂ ಆದ ಮೇಲೆ ದೇಶದಿಂದ ಹೊರಗೆ ಹೋಗಿದ್ದೆಯಾ?" ಎಂಬ ಪ್ರಶ್ನೆಯೂ ಇದೆ. ಹೋಗಿದ್ದೆ, ಅಪ್ಪನಿಗೆ ಆಪರೇಷನ್ ಆಗಿತ್ತು ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಆಯಿತು. ಹೋಗಿದ್ದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು.

ಇನ್ನು ನಿಜವಾಗಿ ಬರಲಾಗದ ದಿನಗಳು ಯಾವುವು ಗೊತ್ತೇ? ನಾವೆಲ್ಲ "ಅಬ್ಬಾ, ಮುಗೀತು" ಅಂತ ನಿಟ್ಟುಸಿರು ಬಿಡುತ್ತೇವಲ್ಲ, ಆಗ! ಪ್ರಮಾಣದ ದಿನ ಗ್ರೀನ್ ಕಾರ್ಡನ್ನು ವಾಪಸು ಕೊಡಬೇಕು. ನಮ್ಮ 1955ರ ಪೌರತ್ವ ಕಾಯಿದೆಯ 9ನೆಯ ಕಲಮಿನಂತೆ, ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಹೋಗುತ್ತದೆ. ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನೂ ಐದು ವರ್ಷದ ಅವಧಿ ಇದ್ದರೂ ಅದನ್ನು ತೋರಿಸಿ ಪ್ರಯಾಣ ಮಾಡುವುದು ಅಪರಾಧ. ಹೊಸ ಪಾಸ್‌ಪೋರ್ಟು ಇನ್ನೂ ಬಂದಿರುವುದಿಲ್ಲ. ಅದಕ್ಕಾಗಿ ಪೌರತ್ವದ ಪ್ರಮಾಣಪತ್ರದ ಮೂಲವನ್ನೇ ಅರ್ಜಿಯ ಜೊತೆ ಕೊಟ್ಟು ವಾರಗಟ್ಟಲೆ ಕಾಯಬೇಕು.

ದಾವಣಗೆರೆಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಆದದ್ದು ಇದೇ. ಅವಳ ಮಗಳ ಮದುವೆ ಮೇ ತಿಂಗಳಲ್ಲಿ. ಟೆಕ್ಸಾಸಿನಲ್ಲಿದ್ದ ಮಗ, "ಪ್ರಮಾಣ ಮುಗಿಸ್ಕೊಂಡು ನಿಶ್ಚಿಂತೆಯಾಗಿ ಬರ್ತೀನಿ, ಒಂಬತ್ತು ದಿನ ಇರತ್ತಲ್ಲ" ಅಂದ. ತಂಗಿಯೂ ಹೂಂ ಅಂದಳು. ಒಂಬತ್ತು ದಿನದಲ್ಲಿ ಪಾಸ್‌ಪೋರ್ಟು ಬರಲಿಲ್ಲ. ತುರ್ತಾಗಿ ಮಾಡಿಸುವ ಏರ್ಪಾಡೇನೋ ಇದೆ, ಅವನಿಗೆ ಹೊತ್ತಿಗೆ ಸರಿಯಾಗಿ ದಿನ ಸಿಗಲಿಲ್ಲ. ಲಾಜಾಹೋಮದಲ್ಲಿ ತಂಗಿಯ ಬೊಗಸೆಗೆ ಅರಳು ಹಾಕಬೇಕಾದ ಒಡಹುಟ್ಟಿದ ಅಣ್ಣ ಅಲ್ಲಿ ನಡುರಾತ್ರಿ ಫೋನು ಹಿಡಿದು ಕೂತಿದ್ದ. ಅರಳು ಹಾಕಿದ್ದು ನನ್ನ ಮಗ. ಫೋಟೋ ಆಲ್ಬಮ್ಮಿನ ಆ ಪುಟ ಬಂದರೆ ತಂಗಿ ಇವತ್ತಿಗೂ ಬೇಗ ತಿರುಗಿಸಿಬಿಡುತ್ತಾಳೆ. ಪ್ರಮಾಣಕ್ಕೆ ದಿನ ಬದಲಿಸಿಕೊಡಿ ಎಂದು ಕೇಳಿ, ಮದುವೆ ಮುಗಿಸಿಕೊಂಡೇ ಹೋಗಿದ್ದರೆ ಆಗುತ್ತಿತ್ತು ಅಂತ ನಮಗೆ ಗೊತ್ತಾದದ್ದು ಆಮೇಲೆ.

ಆ ನಡುವಿನ ದಿನಗಳಲ್ಲಿ ಮನೆಯಲ್ಲಿ ಯಾರಿಗಾದರೂ ಪ್ರಾಣಕ್ಕೆ ಅಪಾಯವಾದರೆ? ತಂದೆತಾಯಿ, ಮಕ್ಕಳಂಥ ಹತ್ತಿರದವರು ಸಾವುಬದುಕಿನಲ್ಲಿದ್ದರೆ ಅಮೆರಿಕದ ಪಾಸ್‌ಪೋರ್ಟಿನವರು ತುರ್ತು ಪಾಸ್‌ಪೋರ್ಟು ಕೊಡುತ್ತಾರೆ. ಅದಕ್ಕೆ ನೀವು ಇಲ್ಲಿಂದ ಒಂದು ಕೆಲಸ ಮಾಡಿಕೊಡಬೇಕು. ಆಸ್ಪತ್ರೆಯ ಹೆಸರಿರುವ ಕಾಗದದ ಮೇಲೆ, ರೋಗಿಗೆ ಏನಾಗಿದೆ, ಸ್ಥಿತಿ ಎಷ್ಟು ಗಂಭೀರ ಎಂದು ಡಾಕ್ಟರಿಂದ ಇಂಗ್ಲಿಷಿನಲ್ಲಿ ಬರೆಸಿ, ರುಜು ಹಾಕಿಸಿ, ಫೋಟೋ ತೆಗೆದು ಕಳಿಸಿ. ಅಳುವುದು ಆಮೇಲೆ ಇದ್ದೇ ಇದೆ.

ಪಾಸ್‌ಪೋರ್ಟು ಬಂದರೂ ನಮ್ಮ ದೇಶಕ್ಕೆ ಬರಲು ವೀಸಾ ಬೇಕು ಎಂಬುದು ಎಷ್ಟೋ ಮಕ್ಕಳಿಗೇ ಹೊಳೆದಿರುವುದಿಲ್ಲ. ಹುಟ್ಟಿದೂರಿಗೆ ವೀಸಾ ಅಂದರೆ ಹೊಟ್ಟೆ ಚುರುಕ್ ಅನ್ನುತ್ತದೆ, ಏನು ಮಾಡೋದು! 2006ರಿಂದ ಕೊಡುತ್ತಿರುವ ಓಸಿಐ ಕಾರ್ಡು ಇದ್ದರೆ ಜನ್ಮವಿಡೀ ಬಂದು ಹೋಗಬಹುದು. ಓಟು ಮಾತ್ರ ಇಲ್ಲ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿದ್ದಕ್ಕೆ ಪತ್ರ ಪಡೆದು ಆ ಕಾರ್ಡಿಗೆ ಹಾಕಬೇಕು, ಅದಕ್ಕೂ ವಾರಗಳು ಹಿಡಿಯುತ್ತವೆ. ಅವಸರವಿದ್ದವರು ಕಂಪ್ಯೂಟರಿನಲ್ಲೇ ಅರ್ಜಿ ಹಾಕುವ ಇ-ವೀಸಾ ಪಡೆದು ಬರಬಹುದು.

ಅಕ್ಕನ ಮಗಳೂ ಹಾಗೇ ಬಂದಳು, ಪ್ರಮಾಣವಾದ ಎರಡು ತಿಂಗಳಿಗೆ. ಅಪ್ಪನ ಎದೆಯ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳಂತೆ, ಅಮ್ಮನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲವಂತೆ. ಮೂರನೆಯ ದಿನ ಅಡುಗೆಮನೆಗೆ ಬಂದು, ಒಗ್ಗರಣೆ ಹಾಕುತ್ತಿದ್ದವರ ಹೆಗಲ ಮೇಲೆ ಗದ್ದ ಊರಿ, "ಇನ್ನು ಮುಚ್ಚಿಡಬೇಡಮ್ಮ" ಅಂದಳಂತೆ. ಹೇಳುವಾಗ ಅಕ್ಕನ ದನಿ ನಡುಗಿತು.

ಅಂದಹಾಗೆ, ಅಕ್ಕ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದರು. ಮಗಳು ಬಂದ ದಿನ, ಹೋದ ದಿನ ಎಲ್ಲವನ್ನೂ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿಡುವುದು ಅವರ ಅಭ್ಯಾಸ. ಎನ್-400 ಅರ್ಜಿಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ದೇಶ ಬಿಟ್ಟು ಹೋದ ಒಂದೊಂದು ಸಲದ ತಾರೀಖನ್ನೂ ಬರೆಯಬೇಕು. ಮಗಳಿಗೆ ಎರಡು ಸಲದ್ದು ಮರೆತೇಹೋಗಿತ್ತು, ಅಕ್ಕ ಹಳೆಯ ಕ್ಯಾಲೆಂಡರುಗಳನ್ನು ಅಟ್ಟದಿಂದ ಇಳಿಸಿ ಫೋನಿನಲ್ಲಿ ಓದಿ ಹೇಳಿದರು. ಈ ಸಲವೂ ಗುರುತು ಹಾಕಿದ್ದು ನೋಡಿ, "ಇನ್ಯಾಕಕ್ಕ, ಅವಳ ಅರ್ಜಿ ಮುಗೀತಲ್ಲ" ಅಂದೆ.

"ಅಳಿಯಂದ್ರದ್ದು ಇನ್ನೂ ಬಾಕಿ ಇದೆಯಲ್ರೀ" ಅಂದರು.