ಹೊಗೆಯ ಹಾದಿ: ಉಪಗ್ರಹದ ಸಾಕ್ಷ್ಯವೆಷ್ಟು?

ಕಾರ್ತಿಕ ಮಾಸದಲ್ಲಿ ಕೋಲ್ಕತ್ತದ ಆಕಾಶವು ಮಸುಕಾದೊಡನೆ ಪಂಜಾಬಿನ ರೈತನನ್ನು ದೂರುವ ಮಾತು ಇಲ್ಲಿಯೂ ಕೇಳಿಬರುತ್ತದೆ. ದೂರಿಗೆ ಆಧಾರ ಉಪಗ್ರಹದ ಚಿತ್ರ. ಚಿತ್ರವು ಸುಳ್ಳಲ್ಲ, ಆದರೆ ಅದು ತಾನಾಗಿ ಹೇಳುವುದೆಷ್ಟು, ನಾವು ಅದರ ಬಾಯಿಂದ ಹೇಳಿಸುವುದೆಷ್ಟು ಎಂಬುದನ್ನು ವಿವೇಚಿಸುವುದು ಅವಶ್ಯ.

ಬತ್ತದ ಕೊಯ್ಲು ಮುಗಿದು ಗೋಧಿಯ ಬಿತ್ತನೆಗೆ ಉಳಿಯುವ ಅವಧಿ ಅತ್ಯಲ್ಪವಾದುದರಿಂದ, ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಪಂಜಾಬ್, ಹರಿಯಾಣಗಳ ಹೊಲಗಳಲ್ಲಿ ಕೂಳೆಯನ್ನು ಸುಡುತ್ತಾರೆ. ಉತ್ತರಕ್ಕೆ ಹಿಮಾಲಯದ ಗೋಡೆ; ಬೀಸುವುದು ವಾಯವ್ಯದ ಗಾಳಿ. ಹೀಗಾಗಿ ಹೊಗೆಯು ಗಂಗೆಯ ಬಯಲನ್ನೇ ಹಿಡಿದು, ಬಿಹಾರವನ್ನು ದಾಟಿ, ವಂಗದ ಮೇಲಿನಿಂದ ಸಮುದ್ರಕ್ಕೆ ಇಳಿಯುವುದುಂಟು. ಚಿತ್ರದಲ್ಲಿ ಅದು ಗಂಗೆಗೆ ಜೊತೆಯಾಗಿ ಹರಿಯುವ ಬೂದುಬಣ್ಣದ ಇನ್ನೊಂದು ನದಿಯಂತೆ ತೋರುತ್ತದೆ.

ಬೆಂಕಿಯನ್ನು ಕಾಣುವ ಬಗೆ ಬೇರೆ, ಹೊಗೆಯನ್ನು ಕಾಣುವ ಬಗೆ ಬೇರೆ. ನೆಲವು ಸುಮಾರು 10 ಮೈಕ್ರಾನ್ ಅಲೆಯುದ್ದದ ಅವಕೆಂಪು ಕಿರಣವನ್ನು ಅತ್ಯಧಿಕವಾಗಿ ಸೂಸುತ್ತದೆ. ವಸ್ತುವು ಕಾದಷ್ಟೂ ಈ ಅಲೆಯುದ್ದ ಕುಗ್ಗುವುದರಿಂದ, ಉರಿಯುವ ಹುಲ್ಲು 4 ಮೈಕ್ರಾನಿನ ಸಮೀಪದಲ್ಲಿ ಎದ್ದು ಕಾಣುತ್ತದೆ. 2011ರಲ್ಲಿ ಹಾರಿಸಿದ ಸುವೋಮಿ ಎನ್‌ಪಿಪಿ ಉಪಗ್ರಹದ ಉಪಕರಣವು 375 ಮೀಟರ್ ಚೌಕದ ಅತ್ಯಲ್ಪ ಭಾಗ ಮಾತ್ರ ಉರಿಯುತ್ತಿದ್ದರೂ ಅದನ್ನು ಗುರುತಿಸಬಲ್ಲದು.

ದೂರ ಸಾಗಿದ ಹೊಗೆಯಲ್ಲಿ ಈ ಶಾಖವಿಲ್ಲ. ಅದನ್ನು ಬಿಸಿಲು ಚದುರುವ ರೀತಿಯಿಂದಲೇ ತಿಳಿಯಬೇಕು. ಹೊಗೆಯ ಸೂಕ್ಷ್ಮಕಣವು ನೀಲಿ ಬೆಳಕನ್ನು ಬಹಳವಾಗಿ ಚದುರಿಸಿ ಉದ್ದನೆಯ ಅಲೆಗಳಿಗೆ ದಾರಿ ಬಿಡುತ್ತದೆ. ಬೇಸಗೆಯಲ್ಲಿ ಥಾರ್ ಮರುಭೂಮಿಯಿಂದ ಇದೇ ಬಯಲಿಗೆ ಬರುವ ಧೂಳಿನ ಕಣ ದಪ್ಪ. ಅದು ಉದ್ದನೆಯ ಅಲೆಗಳನ್ನೂ ಬಿಡದೆ ತಡೆಯುತ್ತದೆ. ಹೊಗೆ, ಧೂಳುಗಳೆರಡೂ ಅತಿನೇರಳೆ ಕಿರಣವನ್ನು ಹೀರುತ್ತವೆ, ಮಂಜು ಹೀರುವುದಿಲ್ಲ.

ಇನ್ನು ಸಾಕ್ಷಿಯ ಮಿತಿ. ಈ ಬಗೆಯ ಉಪಗ್ರಹಗಳು ಹಗಲಿನಲ್ಲಿ ನಮ್ಮ ಮೇಲೆ ಹಾಯುವುದು ಸುಮಾರು ಒಂದೂವರೆ ಗಂಟೆಗೆ. ತಪಾಸಣಾಧಿಕಾರಿಯು ಬರುವ ಗಳಿಗೆ ಮೊದಲೇ ತಿಳಿದಿದ್ದರೆ ಲೆಕ್ಕದ ಪುಸ್ತಕ ಎಷ್ಟು ಚೊಕ್ಕಟವಾಗಿರುತ್ತದೆಂಬುದನ್ನು ಬ್ಯಾಂಕಿನವರಿಗೆ ಹೇಳಬೇಕಾಗಿಲ್ಲ! 2024ರಲ್ಲಿ ಪಂಜಾಬಿನ ಬೆಂಕಿಯ ಎಣಿಕೆ ಬಹಳವಾಗಿ ಇಳಿಯಿತು. ಹೊಗೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಒಂದೇ ಕಡೆ ನಿಂತು ಹಗಲೆಲ್ಲ ನೋಡುವ ಭೂಸ್ಥಿರ ಉಪಗ್ರಹಗಳು ಸಂಜೆಯ ಉರಿಯನ್ನು ತೋರಿಸಿಕೊಟ್ಟವು. ನಮ್ಮ ಹಾಸನದಿಂದ ನಿಯಂತ್ರಿತವಾದ, 2024ರಲ್ಲಿ ಹಾರಿದ ಇನ್ಸಾಟ್-3ಡಿಎಸ್ ಇದೇ ವರ್ಗಕ್ಕೆ ಸೇರಿದ್ದು. ಆದರೆ ಉರಿಯನ್ನು ಕಾಣುವ ಅದರ ಕಣ್ಣಿಗೆ 4 ಕಿಲೋಮೀಟರ್ ಚೌಕವೇ ಒಂದು ಚುಕ್ಕೆ. ಸಣ್ಣ ಹಿಡುವಳಿಯ ಬೆಂಕಿ ಅದರಲ್ಲಿ ಅಡಗಿಹೋಗಬಹುದು.

ಎತ್ತರದ ತೊಡಕು ಇದಕ್ಕಿಂತಲೂ ದೊಡ್ಡದು. ಚಿತ್ರವು ನೆಲದಿಂದ ಆಕಾಶದವರೆಗಿನ ವಾಯುಸ್ತಂಭದ ಒಟ್ಟು ಮೊತ್ತವನ್ನು ಕೊಡುತ್ತದೆ. ಎರಡು ಕಿಲೋಮೀಟರ್ ಮೇಲೆ ಸಮುದ್ರದತ್ತ ಸಾಗುವ ಹೊಗೆಯೂ ಬೀದಿಯಲ್ಲಿ ನಾವು ಉಸಿರಾಡುವ ಹೊಗೆಯೂ ಅದರಲ್ಲಿ ಬೆರೆತಿರುತ್ತವೆ. 2006ರಿಂದ 2023ರವರೆಗೆ ಕ್ಯಾಲಿಪ್ಸೊ ಉಪಗ್ರಹವು ಲೇಸರ್ ಕಿರಣದಿಂದ ಎತ್ತರವನ್ನು ಅಳೆಯಿತು. ಅದೂ ತಾನು ಹಾಯ್ದ ಕಿರಿದಾದ ಗೆರೆಯುದ್ದಕ್ಕೆ ಮಾತ್ರ.

ಆದುದರಿಂದ ಕೋಲ್ಕತ್ತದ ಮಟ್ಟಿಗೆ ನೆಲದ ಮಾಪನವನ್ನೂ ಕೇಳಲೇಬೇಕು. ದಕ್ಷಿಣದವರು ಹೆಚ್ಚಾಗಿ ನೆಲೆಸಿರುವ ರವೀಂದ್ರ ಸರೋವರದ ಪರಿಸರದಲ್ಲಿಯೂ ವಿಕ್ಟೋರಿಯಾ ಸ್ಮಾರಕದ ಬಳಿಯಲ್ಲಿಯೂ ಮಾಪನ ಕೇಂದ್ರಗಳಿವೆ. ಸೂಕ್ಷ್ಮಕಣಗಳು ಸಂಜೆಗೆ ಏರಿ, ಬಿಸಿಲೇರಿದಂತೆ ಇಳಿಯುತ್ತಿದ್ದರೆ, ತಣ್ಣನೆಯ ಗಾಳಿಯ ಮುಚ್ಚಳದಡಿ ಸಿಕ್ಕಿಬಿದ್ದ ನಮ್ಮ ಲಾರಿಗಳ, ಒಲೆಗಳ, ಕಸದ ಬೆಂಕಿಯ ಹೊಗೆಯನ್ನೇ ಮೊದಲು ಸಂಶಯಿಸಬೇಕು. ದೂರದಿಂದ ಬಂದ ಹೊಗೆಯಾದರೆ ಗಾಳಿಯ ಹಾದಿಯಲ್ಲಿರುವ ಬಿಹಾರದ ಕೇಂದ್ರಗಳಲ್ಲಿ ಮೊದಲೇ ಏರಿಕೆ ಕಂಡು, ಅನಂತರ ಇಲ್ಲಿನ ಎಲ್ಲ ಕೇಂದ್ರಗಳೂ ಒಟ್ಟಿಗೆ ಏರುವುದು ಸಹಜ.