ಪದಸಮಸ್ಯೆ ಮತ್ತು ಸಿಂಪ್ಲೆಕ್ಟಿಕ್ ಚತುರಾಯಾಮ ಮ್ಯಾನಿಫೋಲ್ಡುಗಳು

ಪುನರ್ಲೇಖನ ನಿಯಮಗಳನ್ನು ಬಲ್ಲ ಭಾಷಾವಿಜ್ಞಾನಿಗೆ ಗಣಿತದ ‘ಪರಿಮಿತವಾಗಿ ನಿರೂಪಿತ ಗ್ರೂಪು’ ತೀರ ಅಪರಿಚಿತವೆನಿಸದು. ಅದಕ್ಕೊಂದು ಪರಿಮಿತ ವರ್ಣಮಾಲೆಯಿದೆ. ಪ್ರತಿ ವರ್ಣಕ್ಕೂ ವಿಲೋಮವಿದೆ. ಶೂನ್ಯಪದಕ್ಕೆ ಸಮವೆಂದು ವಿಧಿಸಲಾದ ಕೆಲವು ಪದಗಳಿವೆ. ವಿಧಿಸಿದ ಪದವನ್ನಾಗಲಿ, ವರ್ಣ–ವಿಲೋಮಗಳ ಜೋಡಿಯನ್ನಾಗಲಿ ಎಲ್ಲಿಯಾದರೂ ಲೋಪಗೊಳಿಸಬಹುದು ಅಥವಾ ಆಗಮವಾಗಿ ಸೇರಿಸಬಹುದು. ಕೊಟ್ಟ ಪದವು ಹೀಗೆ ಶೂನ್ಯಪದವಾಗಬಲ್ಲುದೇ ಎಂಬುದೇ ಪದಸಮಸ್ಯೆ. 1911ರಲ್ಲಿ ಮ್ಯಾಕ್ಸ್ ಡೇನ್ ಇದನ್ನು ಮಂಡಿಸಿದರು. ಕೆಲವು ಗ್ರೂಪುಗಳಿಗೆ ಇದನ್ನು ನಿರ್ಣಯಿಸುವ ಯಾವ ಕ್ರಮವಿಧಿಯೂ ಇರಲಾರದೆಂದು 1950ರ ದಶಕದಲ್ಲಿ ನೋವಿಕೋವ್ ಮತ್ತು ಬೂನ್ ಸಾಧಿಸಿದರು.

ಈ ವ್ಯಾಕರಣ ಆಕಾರಗಳಲ್ಲಿಯೂ ನೆಲೆಸಿದೆ. ಮ್ಯಾನಿಫೋಲ್ಡಿನ ಒಂದು ಬಿಂದುವಿನಿಂದ ಹೊರಟು ಅಲ್ಲಿಗೇ ಮರಳುವ ಕುಣಿಕೆಗಳು ಪದಗಳಿದ್ದಂತೆ. ಒಂದರ ನಂತರ ಇನ್ನೊಂದನ್ನು ಕ್ರಮಿಸುವುದು ಪದಜೋಡಣೆ. ಬಿಂದುವಾಗಿ ಕುಗ್ಗಬಲ್ಲ ಕುಣಿಕೆ ಶೂನ್ಯಪದ. ಇವುಗಳಿಂದಾಗುವ ಗ್ರೂಪೇ ಮೂಲಭೂತ ಗ್ರೂಪು. ದ್ವಿಆಯಾಮದ ಆವೃತ ಮೇಲ್ಮೈಗಳಲ್ಲಿ ಪದಸಮಸ್ಯೆಗೆ ಪರಿಹಾರವುಂಟು. ನಾಲ್ಕು ಆಯಾಮಗಳಲ್ಲಾದರೋ ಪರಿಮಿತವಾಗಿ ನಿರೂಪಿತವಾದ ಪ್ರತಿಯೊಂದು ಗ್ರೂಪೂ ಯಾವುದಾದರೊಂದು ಆವೃತ ಮ್ಯಾನಿಫೋಲ್ಡಿನ ಮೂಲಭೂತ ಗ್ರೂಪಾಗುತ್ತದೆ.

ಹಾಗಾದರೆ ಆಕಾರದ ಮೇಲೆ ಹೆಚ್ಚಿನ ರಚನೆಯನ್ನು ವಿಧಿಸಿದಾಗ ವ್ಯಾಕರಣದ ವ್ಯಾಪ್ತಿ ಕುಗ್ಗುವುದೇ? ಕೇಲರ್ ರಚನೆಯಲ್ಲಿ ಕುಗ್ಗುತ್ತದೆ. ವರ್ಣಗಳ ಅನುಕ್ರಮವನ್ನು ಕಡೆಗಣಿಸಿದಾಗ ಉಳಿಯುವ ಸ್ವತಂತ್ರ ದಿಕ್ಕುಗಳ ಸಂಖ್ಯೆ ಅಲ್ಲಿ ಸಮಸಂಖ್ಯೆಯೇ ಆಗಿರಬೇಕು. ಆದ್ದರಿಂದ ನಿಯಮರಹಿತವಾದ ಏಕವರ್ಣದ ಗ್ರೂಪಿಗೆ ಅಲ್ಲಿ ಸ್ಥಾನವಿಲ್ಲ. ಸಿಂಪ್ಲೆಕ್ಟಿಕ್ ರಚನೆ ಇದಕ್ಕಿಂತ ಸಡಿಲವಾದುದು. ಸ್ಥಾನ ಮತ್ತು ಸಂವೇಗಗಳನ್ನು ಜೋಡಿಸುವ ಹ್ಯಾಮಿಲ್ಟನ್ ಯಂತ್ರಶಾಸ್ತ್ರದಿಂದ ಬಂದ ಇದು ದಿಕ್ಕುಗಳ ಜೋಡಿಗೆ ಚಿಹ್ನಾಸಹಿತ ಕ್ಷೇತ್ರಫಲವನ್ನು ಕೊಡುತ್ತದೆ. 1976ರಲ್ಲಿ ವಿಲಿಯಂ ಥರ್ಸ್ಟನ್ ಮೇಲಿನ ಸಂಖ್ಯೆ ಮೂರಾಗಿರುವ ಸಿಂಪ್ಲೆಕ್ಟಿಕ್ ಉದಾಹರಣೆಯನ್ನು ತೋರಿಸಿದರು. 1995ರಲ್ಲಿ ರಾಬರ್ಟ್ ಗಾಂಫ್ ಪ್ರಶ್ನೆಯನ್ನು ಪೂರ್ಣವಾಗಿ ಬಗೆಹರಿಸಿದರು: ಪರಿಮಿತವಾಗಿ ನಿರೂಪಿತವಾದ ಎಲ್ಲ ಗ್ರೂಪುಗಳೂ ಆವೃತ ಸಿಂಪ್ಲೆಕ್ಟಿಕ್ ಚತುರಾಯಾಮ ಮ್ಯಾನಿಫೋಲ್ಡುಗಳಲ್ಲಿ ದೊರೆಯುತ್ತವೆ.

ಅವರ ರಚನಾವಿಧಾನವನ್ನು ಲೋಪಕಾರ್ಯವೆಂದೇ ಓದಬಹುದು. ಮೇಲ್ಮೈಯೊಂದನ್ನು ಟೋರಸ್‌ನೊಡನೆ ಗುಣಿಸಿ ಆರಂಭಿಸುತ್ತಾರೆ. ಮೇಲ್ಮೈಯ ಮೇಲೆ ವರ್ಣಗಳೂ ನಿಯಮಗಳೂ ಕುಣಿಕೆಗಳಾಗಿ ಬರೆಯಲ್ಪಡುತ್ತವೆ. ನಿಯಮದ ಪ್ರತಿ ಕುಣಿಕೆಗೂ ಒಂದು ಟೋರಸ್ ಒದಗುತ್ತದೆ. ಅದರ ಉದ್ದಕ್ಕೂ ಮತ್ತೊಂದು ಸಿಂಪ್ಲೆಕ್ಟಿಕ್ ಮ್ಯಾನಿಫೋಲ್ಡನ್ನು ಬೆಸೆಯುತ್ತಾರೆ. ಬೆಸೆದ ಭಾಗದಲ್ಲಿ ಎಲ್ಲ ಕುಣಿಕೆಗಳೂ ಕುಗ್ಗುವುದರಿಂದ ಆ ನಿಯಮಪದ ಶೂನ್ಯವಾಗುತ್ತದೆ. ಆರಂಭದ ಟೋರಸ್‌ನಿಂದ ಬಂದ ಹೆಚ್ಚುವರಿ ವರ್ಣಗಳೂ ಇದೇ ರೀತಿಯಲ್ಲಿ ಲೋಪವಾಗುತ್ತವೆ.

ಇದರ ಪರಿಣಾಮ ಗಂಭೀರವಾದುದು. ಕೊಟ್ಟ ನಿರೂಪಣೆ ಏಕಾಂಶ ಗ್ರೂಪಿನದೇ ಎಂಬುದನ್ನು ನಿರ್ಣಯಿಸುವ ಸಾಮಾನ್ಯ ಕ್ರಮವಿಧಿಯಿಲ್ಲವೆಂದು ಅಡ್ಯಾನ್ ಮತ್ತು ರಾಬಿನ್ ತೋರಿಸಿದ್ದಾರೆ. ಆದ್ದರಿಂದ ಕೊಟ್ಟ ಸಿಂಪ್ಲೆಕ್ಟಿಕ್ ಚತುರಾಯಾಮದಲ್ಲಿ ಎಲ್ಲ ಕುಣಿಕೆಗಳೂ ಕುಗ್ಗುವವೇ ಎಂಬುದಕ್ಕೂ ಅಂತಹ ವಿಧಿಯಿಲ್ಲ. ಉತ್ಪಾದಕ ಸಾಮರ್ಥ್ಯವನ್ನು ಚರ್ಚಿಸುವವರು ಇಲ್ಲಿ ಗಮನಿಸತಕ್ಕದ್ದು ಇಷ್ಟು: ನಿರ್ಬಂಧವೊಂದು ಎಷ್ಟೇ ಸಮೃದ್ಧವಾಗಿ ಕಂಡರೂ ಅದು ವ್ಯಾಕರಣದ ಶಕ್ತಿಯನ್ನು ತಗ್ಗಿಸುತ್ತದೆಂದು ಊಹಿಸಲಾಗದು, ಪ್ರತಿ ನಿರ್ಬಂಧಕ್ಕೂ ಅದನ್ನು ಪ್ರತ್ಯೇಕವಾಗಿಯೇ ಸಾಧಿಸಬೇಕಾಗುತ್ತದೆ.