ನಿಮಗಿದು ಗೊತ್ತೇ? ಹಿಮದ ನಾಡಿನಲ್ಲೂ ಒಬ್ಬರು ಡಾಲಸ್ ಇದ್ದಾರೆ!

ಜಗತ್ತಿನ ಅತಿ ಹೆಸರುವಾಸಿ ನಾಯಿಬಂಡಿ ಓಟವನ್ನು ಅತಿ ಹೆಚ್ಚು ಸಲ ಗೆದ್ದವರ ಹೆಸರು ಗೊತ್ತೇ? ಡಾಲಸ್! ಹೌದು, ಡಾಲಸ್ ಸೀವಿ. ಕ್ಯಾರಲ್ಟನ್‌ನಲ್ಲಿ ಕೂತು ನಾವು ದಿನಕ್ಕೆ ಹತ್ತು ಸಲ ಹೇಳುವ ಊರಿನ ಹೆಸರು ಅಲಾಸ್ಕಾದಲ್ಲಿ ಒಬ್ಬ ಮನುಷ್ಯನದು. ಓಟದ ಹೆಸರು ಇಡಿಟರಾಡ್. 2012, 2014, 2015, 2016, 2021, 2024. ಎಣಿಸಿ ನೋಡಿ, ಆರು ಸಲ!

ಓಟ ಎಷ್ಟು ದೂರ ಅಂತೀರಾ? ಸುಮಾರು 1,600 ಕಿಲೋಮೀಟರ್. ಡಾಲಸ್‌ನಿಂದ ಹ್ಯೂಸ್ಟನ್‌ಗೆ ಕಾರಿನಲ್ಲಿ ಹೋಗಿ ಬನ್ನಿ. ಇನ್ನೊಮ್ಮೆ ಹೋಗಿ ಬನ್ನಿ. ಹೆಚ್ಚುಕಡಿಮೆ ಅಷ್ಟು! ಆದರೆ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ರಸ್ತೆಯೂ ಇಲ್ಲ. ಇರುವುದು ಹೆಪ್ಪುಗಟ್ಟಿದ ನದಿ, ಬೆಟ್ಟ, ಸಮುದ್ರತೀರದ ಮಂಜುಗಡ್ಡೆ.

ಈ ಓಟದ ದೂರ 1,049 ಮೈಲಿ ಎಂದು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಆ 49 ಎಲ್ಲಿಂದ ಬಂತು? ಅಮೆರಿಕದ 49ನೇ ರಾಜ್ಯ ಅಲಾಸ್ಕಾ, ಅದಕ್ಕೆ! ಅಳತೆಪಟ್ಟಿಗೂ ಆ ಸಂಖ್ಯೆಗೂ ಸಂಬಂಧವೇ ಇಲ್ಲ. ದಾರಿ ವರ್ಷ ಬಿಟ್ಟು ವರ್ಷ ಬದಲಾಗುತ್ತದೆ. ಸಮ ವರ್ಷಕ್ಕೆ ಉತ್ತರದ ದಾರಿ, ಬೆಸ ವರ್ಷಕ್ಕೆ ದಕ್ಷಿಣದ ದಾರಿ.

ಬಂಡಿ ಓಡಿಸುವವರನ್ನು ಮಷರ್ ಎನ್ನುತ್ತಾರೆ. ಅವರ ಕೈಯಲ್ಲಿ ಏನಿರುತ್ತದೆ ಗೊತ್ತೇ? ಬಂಡಿಯ ಹಿಡಿ, ಅಷ್ಟೇ. ನಮ್ಮ ಎತ್ತಿಗೆ ಮೂಗುದಾರ ಉಂಟು, ಕುದುರೆಗೆ ಲಗಾಮು ಉಂಟು. ಈ ಬಂಡಿ ಎಳೆಯುವ ಹದಿನಾರು ನಾಯಿಗಳಿಗೆ ಎರಡೂ ಇಲ್ಲ! ಬಲಕ್ಕೆ ತಿರುಗಬೇಕಾದರೆ 'ಜೀ', ಎಡಕ್ಕಾದರೆ 'ಹಾ'. ಮುಂದಿನ ನಾಯಿ ಕೇಳಿಸಿಕೊಂಡು ತಿರುಗುತ್ತದೆ, ಉಳಿದವು ಹಿಂದೆ ಬರುತ್ತವೆ. ಸಾವಿರದ ಆರುನೂರು ಕಿಲೋಮೀಟರ್ ಪೂರ್ತಿ ಬರೀ ಬಾಯಿಮಾತಿನಲ್ಲಿ!

ನಾಯಿಗಳಿಗೆ ಬೂಟು ಹಾಕುತ್ತಾರೆ. ಒಂದು ನಾಯಿಗೆ ನಾಲ್ಕು, ಹದಿನಾರಕ್ಕೆ 64. ಒಂದೊಂದು ಕಾಲನ್ನೂ ಎತ್ತಿ, ಬೆರಳ ಸಂದಿಯಲ್ಲಿ ಹಿಮ ಕಟ್ಟಿದೆಯೇ ನೋಡಿ, ಬಟ್ಟೆಯ ಬೂಟು ತೊಡಿಸಿ ಪಟ್ಟಿ ಬಿಗಿಯಬೇಕು. ಎಷ್ಟೋ ಮಂದಿ ಕೈಗವಸು ತೆಗೆದು ಬರಿಗೈಯಲ್ಲೇ ಮಾಡುತ್ತಾರೆ, ಆ ಚಳಿಯಲ್ಲಿ! ನಾಯಿಯೊಂದಕ್ಕೆ ಎಂಟು ಬೂಟಾದರೂ ಇರಲೇಬೇಕೆಂದು ನಿಯಮವೇ ಇದೆ.

ತಂಗುದಾಣಕ್ಕೆ ಬಂದ ಮಷರ್ ಮೊದಲು ಏನು ಮಾಡುತ್ತಾರೆ ಹೇಳಿ ನೋಡೋಣ. ಮಲಗುತ್ತಾರಾ? ಕಾಫಿ ಕುಡಿಯುತ್ತಾರಾ? ಇಲ್ಲ! ನಾಯಿಗಳಿಗೆ ಹುಲ್ಲು ಹಾಸುತ್ತಾರೆ. ಬೂಟು ಬಿಚ್ಚುತ್ತಾರೆ. ಒಲೆ ಹಚ್ಚಿ, ಹಿಮ ಕರಗಿಸಿ ನೀರು ಮಾಡುತ್ತಾರೆ. ಮಾಂಸ ಬೇಯಿಸಿ ಉಣ್ಣಿಸುತ್ತಾರೆ. ಪಾದಗಳಿಗೆ ಮುಲಾಮು ತಿಕ್ಕುತ್ತಾರೆ. ನಾಯಿಗಳು ಸುರುಳಿ ಸುತ್ತಿ ಮಲಗಿದ ಮೇಲೆ ಅವರ ಪಾಳಿ. ಒಂದು ಗಂಟೆ ನಿದ್ದೆ ಸಿಕ್ಕರೆ ಪುಣ್ಯ! ನನಗೆ ಈ ಓಟದಲ್ಲಿ ಎಲ್ಲಕ್ಕಿಂತ ಹಿಡಿಸುವುದು ಇದೇ. ಯಜಮಾನರ ಊಟ ಕೊನೆಗೆ.

ನಿದ್ದೆಗೆಟ್ಟ ಮಷರ್‌ಗಳಿಗೆ ದಾರಿಯಲ್ಲಿ ಇಲ್ಲದ್ದೆಲ್ಲ ಕಾಣಿಸುತ್ತದೆ. ಮರ ಮನುಷ್ಯನ ಹಾಗೆ ಕಾಣುತ್ತದೆ, ಯಾರೋ ಕರೆದ ಹಾಗಾಗುತ್ತದೆ. ಬಹಳಷ್ಟು ಮಷರ್‌ಗಳು ಇದನ್ನು ಮಾಮೂಲಿ ಸಂಗತಿಯೆಂಬಂತೆ ಹೇಳಿಕೊಳ್ಳುತ್ತಾರೆ!

ಒಂದು ಓಟದ ನಾಯಿ ದಿನಕ್ಕೆ ಎಷ್ಟು ತಿನ್ನುತ್ತದೆ? ಸುಮಾರು 10,000 ಕ್ಯಾಲೊರಿ! ನಾವು ನೀವು ತಿನ್ನುವುದರ ನಾಲ್ಕೈದು ಪಟ್ಟು. ನಾಯಿಯ ತೂಕ ಮಾತ್ರ ಇಪ್ಪತ್ತು, ಇಪ್ಪತ್ತೈದು ಕಿಲೋ.

ಇದರ ಗುಟ್ಟನ್ನು ಹುಡುಕಿದವರು ಯಾರು ಗೊತ್ತೇ? ನಮ್ಮ ಪಕ್ಕದ ಮನೆಯವರೇ! ರೆಡ್ ರಿವರ್ ದಾಟಿದರೆ ಸಿಗುವ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದ ಮೈಕಲ್ ಡೇವಿಸ್ ಈ ನಾಯಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಮೊದಲ ಒಂದೆರಡು ದಿನ ನಾಯಿಯ ದೇಹ ದಣಿಯುತ್ತದೆ. ಆಮೇಲೆ ಒಳಗಿನ ವ್ಯವಸ್ಥೆಯೇ ಬದಲಾಗಿ, ಓಡುತ್ತ ಓಡುತ್ತಲೇ ಸುಧಾರಿಸಿಕೊಳ್ಳುತ್ತದೆ!

ಈಗ 2014ರ ಓಟಕ್ಕೆ ಬನ್ನಿ. ಇದನ್ನು ಸಿನಿಮಾದಲ್ಲಿ ತೋರಿಸಿದರೆ ನಂಬುವುದು ಕಷ್ಟ. ಗುರಿ ನೋಮ್ ಪಟ್ಟಣ ಇನ್ನೇನು ಬಂತು ಅನ್ನುವಷ್ಟರಲ್ಲಿ ಬಿರುಗಾಳಿ ಎದ್ದಿತು. ಮುಂದಿದ್ದ ಜೆಫ್ ಕಿಂಗ್ ಅವರ ಬಂಡಿಯನ್ನು ಗಾಳಿ ದಾರಿಯಿಂದ ಆಚೆ ತಳ್ಳಿತು, ಅವರು ಓಟವನ್ನೇ ಬಿಡಬೇಕಾಯಿತು. ಎರಡನೆಯವರಾದ ಆಲಿ ಜರ್ಕಲ್ ಕೊನೆಯ ತಂಗುದಾಣದಲ್ಲಿ ಗಾಳಿ ಇಳಿಯಲೆಂದು ಕಾದರು. ಡಾಲಸ್ ಸೀವಿಗೆ ಇದೊಂದೂ ಗೊತ್ತಿಲ್ಲ! ಕತ್ತಲಲ್ಲಿ ಅವರನ್ನೆಲ್ಲ ದಾಟಿ ಹೋದರು. ಹಿಂದೆ ಒಂದು ದೀಪ ಬೆನ್ನಟ್ಟಿ ಬರುತ್ತಿತ್ತು. ಅಪ್ಪ ಬರುತ್ತಿದ್ದಾರೆ, ಮೂರನೇ ಸ್ಥಾನ ಅಪ್ಪನ ಪಾಲಾದೀತು ಎಂದುಕೊಂಡು ಬಂಡಿಯ ಹಿಂದೆ ಓಡಿದರು, ಕಾಲಲ್ಲಿ ಒದ್ದು ತಳ್ಳಿದರು. ಗೆರೆ ದಾಟಿ ಸುಸ್ತಾಗಿ ಬಂಡಿಯ ಮೇಲೆ ಕುಸಿದು ಕೂತರು. ಆಗ ಯಾರೋ ಹೇಳಿದರು, ಗೆದ್ದಿದ್ದೀರಿ ಎಂದು! ಬೆನ್ನಟ್ಟಿದ ದೀಪ ಅಪ್ಪನದಲ್ಲ, ಆಲಿ ಜರ್ಕಲ್ ಅವರದು. ಅವರು ಬಂದದ್ದು ಎರಡೇ ಎರಡು ನಿಮಿಷ ಚಿಲ್ಲರೆ ತಡವಾಗಿ.

ಅಪ್ಪ ಅಂದೆನಲ್ಲ, ಅವರೂ ಕಡಿಮೆಯವರಲ್ಲ. ಮಿಚ್ ಸೀವಿ 2004, 2013, 2017ರಲ್ಲಿ ಗೆದ್ದವರು. 2012ರಿಂದ 2017ರವರೆಗೆ ಆರು ವರ್ಷ ಪ್ರಶಸ್ತಿ ಆ ಮನೆ ಬಿಟ್ಟು ಹೋಗಲೇ ಇಲ್ಲ! 2012ರಲ್ಲಿ 25 ವರ್ಷದ ಮಗ ಅತಿ ಕಿರಿಯ ವಿಜೇತ. ಮರುವರ್ಷವೇ 53 ವರ್ಷದ ಅಪ್ಪ ಅತಿ ಹಿರಿಯ ವಿಜೇತ. 2017ರಲ್ಲಿ 57ನೇ ವಯಸ್ಸಿಗೆ ಅಪ್ಪ ತಮ್ಮ ದಾಖಲೆಯನ್ನೇ ಮುರಿದರು, ಅದೂ 8 ದಿನ, 3 ಗಂಟೆ, 40 ನಿಮಿಷಗಳ ದಾಖಲೆ ಸಮಯದಲ್ಲಿ! ತಾತ ಡ್ಯಾನ್ ಸೀವಿ? 1973ರ ಮೊದಲ ಓಟದಲ್ಲಿ ಮೂರನೆಯವರು.

2024ರಲ್ಲಿ ಡಾಲಸ್‌ಗೆ ಒಂದು ವಿಚಿತ್ರ ದಂಡ ಬಿತ್ತು. ದಾರಿಯಲ್ಲಿ ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ನಾಯಿಗಳ ಮೇಲೆ ಎರಗಿತು. ಅವರು ಗುಂಡು ಹಾರಿಸಿ ಕೊಂದರು. ಅದಕ್ಕಲ್ಲ ದಂಡ! ಹಾಗೆ ಕೊಂದ ಪ್ರಾಣಿಯ ಮಾಂಸ ಹಾಳಾಗದಂತೆ ಹೊಟ್ಟೆ ಸೀಳಿ ಕರುಳು ತೆಗೆದೇ ಮುಂದೆ ಹೋಗಬೇಕು. ಆ ಕೆಲಸವನ್ನು ಸರಿಯಾಗಿ ಮಾಡಲಿಲ್ಲವೆಂದು ಎರಡು ಗಂಟೆ ಕಾಯಿಸಿದರು. ಕಾದರು. ಆದರೂ ಗೆದ್ದರು!

ಮೂಸ್ ಚರಿತ್ರೆಯನ್ನೇ ಬದಲಿಸಿದ್ದೂ ಉಂಟು. 1985ರಲ್ಲಿ ಸೂಸನ್ ಬುಚರ್ ಗೆಲ್ಲಬಹುದಾದ ತಂಡದೊಂದಿಗೆ ಹೊರಟಿದ್ದರು. ಒಂದು ಮೂಸ್ ನುಗ್ಗಿ ಎರಡು ನಾಯಿಗಳನ್ನು ಕೊಂದಿತು, ಹಲವನ್ನು ಗಾಯಗೊಳಿಸಿತು. ಬುಚರ್ ಹಿಂದಿರುಗಿದರು. ಅದೇ ವರ್ಷ ಲಿಬ್ಬಿ ರಿಡಲ್ಸ್, ಬೇರೆಯವರು ಹೊರಡಲು ಹಿಂಜರಿದ ಬಿರುಗಾಳಿಗೆ ನುಗ್ಗಿ ಗೆದ್ದುಬಿಟ್ಟರು. ಇಡಿಟರಾಡ್ ಗೆದ್ದ ಮೊದಲ ಹೆಣ್ಣುಮಗಳು! ಬುಚರ್ ಬಿಟ್ಟರೇ? 1986, 1987, 1988, 1990. ನಾಲ್ಕು ಸಲ ಗೆದ್ದರು!

ಇದೇ ಬುಚರ್ 1979ರಲ್ಲಿ, ಓಟದ ಸ್ಥಾಪಕ ಜೋ ರೆಡಿಂಗ್ಟನ್ ಜೊತೆಗೂಡಿ ನಾಯಿಬಂಡಿಯನ್ನು ಎಲ್ಲಿಗೆ ಏರಿಸಿದರು ಗೊತ್ತೇ? ಉತ್ತರ ಅಮೆರಿಕದ ಅತಿ ಎತ್ತರದ ಡೆನಾಲಿ ಶಿಖರಕ್ಕೆ, 6,190 ಮೀಟರ್!

ಎರಡು ವಾರ ಓಡಿ ಒಂದು ಸೆಕೆಂಡಿನಲ್ಲಿ ಸೋತರೆ ಹೇಗಿರುತ್ತದೆ? 1978ರಲ್ಲಿ ಅದೇ ಆಯಿತು. ಡಿಕ್ ಮ್ಯಾಕಿ, ರಿಕ್ ಸ್ವೆನ್ಸನ್ ಇಬ್ಬರೂ ಅಕ್ಕಪಕ್ಕದಲ್ಲೇ ನೋಮ್‌ನ ಬೀದಿಗೆ ಬಂದರು. ಯಾರು ಮೊದಲು? ಮುಂದಿನ ನಾಯಿಯ ಮೂಗು ಗೆರೆ ದಾಟಿದ್ದೇ ಲೆಕ್ಕ ಎಂದು ತೀರ್ಪಾಯಿತು. ಒಂದು ಮೂಗಿನ ಅಂತರದಲ್ಲಿ ಮ್ಯಾಕಿ ಗೆದ್ದರು!

ಈ ಮ್ಯಾಕಿ ಮನೆಯವರಿಗೆ 13 ಎಂದರೆ ಶುಭ. ಅಪ್ಪ ಡಿಕ್ ಗೆದ್ದದ್ದು 13ನೇ ನಂಬರಿನ ಅಂಗಿ ತೊಟ್ಟು, ಆರನೇ ಪ್ರಯತ್ನದಲ್ಲಿ. 1983ರಲ್ಲಿ ಮಗ ರಿಕ್ ಗೆದ್ದದ್ದು 13ನೇ ನಂಬರಿನಲ್ಲಿ, ಆರನೇ ಪ್ರಯತ್ನದಲ್ಲಿ. 2007ರಲ್ಲಿ ಇನ್ನೊಬ್ಬ ಮಗ ಲ್ಯಾನ್ಸ್? ಅದೇ 13, ಅದೇ ಆರನೇ ಪ್ರಯತ್ನ! ಲ್ಯಾನ್ಸ್ ಗಂಟಲ ಕ್ಯಾನ್ಸರ್ ಗೆದ್ದು ಬಂದವರು. 2010ರವರೆಗೆ ಸತತ ನಾಲ್ಕು ವರ್ಷ ಅವರದೇ ಗೆಲುವು. 2007ರಲ್ಲಿ ಇನ್ನೊಂದು ಸಾವಿರ ಮೈಲಿಯ ಓಟ ಯೂಕಾನ್ ಕ್ವೆಸ್ಟ್ ಅನ್ನೂ ಗೆದ್ದಿದ್ದರು. ಒಂದೇ ವರ್ಷ ಎರಡನ್ನೂ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. 2022ರಲ್ಲಿ ತೀರಿಕೊಂಡರು.

ಹಸ್ಕಿ ಬಿಟ್ಟು ಬೇರೆ ನಾಯಿ ಓಡಬಾರದೇ? ಜಾನ್ ಸೂಟರ್ ಎಂಬವರು 1988ರಿಂದ 1991ರವರೆಗೆ ಪೂಡಲ್‌ಗಳನ್ನು ಕಟ್ಟಿಕೊಂಡು ಓಡಿದರು. ಹೌದು, ಗುಂಗುರು ಕೂದಲಿನ ಅದೇ ಪೂಡಲ್! ಕೂದಲು ನೆಲದ ಹಿಮಕ್ಕೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತಿತ್ತು. ಆಮೇಲೆ ಚಳಿನಾಡಿನ ತಳಿಗಳಿಗಷ್ಟೇ ಅವಕಾಶ ಎಂದು ನಿಯಮ ಬಂತು.

ಬಿಸಿಲೂರಿನವರಿಗೆ ಇದೆಲ್ಲ ಆಗದು ಅನ್ನಬೇಡಿ. ಜಮೈಕಾದ ನ್ಯೂಟನ್ ಮಾರ್ಷಲ್ ಇಲ್ಲವೇ! ಹಿಮವೇ ಬೀಳದ ದ್ವೀಪದಲ್ಲಿ ಬಂಡಿಗೆ ಚಕ್ರ ಹಾಕಿಕೊಂಡು ಕಲಿತರು. 2009ರಲ್ಲಿ ಯೂಕಾನ್ ಕ್ವೆಸ್ಟ್ ಮುಗಿಸಿದರು, 2010ರಲ್ಲಿ ಇಡಿಟರಾಡ್. 2014ರಲ್ಲಿ ಮಂಜುಗಡ್ಡೆಯ ಮೇಲೆ ಬಿದ್ದು ಕಾಲು ಮುರಿದುಕೊಂಡಿದ್ದ ಸ್ಕಾಟ್ ಜಾನ್ಸನ್ ಅವರನ್ನು ಕಂಡು ತಮ್ಮ ಓಟ ನಿಲ್ಲಿಸಿ ನೆರವಾದವರೂ ಇದೇ ಮಾರ್ಷಲ್. ಅಂದಹಾಗೆ, ಊರಿನಲ್ಲಿ ಸ್ಕಾಟ್ ಅವರ ವೃತ್ತಿ ಶವಸಂಸ್ಕಾರ ನಡೆಸಿಕೊಡುವುದು!

2021ರ ಫೆಬ್ರವರಿ 16 ನೆನಪಿದೆಯೇ? ಟೆಕ್ಸಸ್‌ನಲ್ಲಿ ಕರೆಂಟಿಲ್ಲ, ಪೈಪುಗಳು ಒಡೆದವು. ಡಾಲಸ್ ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 19 ಸೆಲ್ಸಿಯಸ್. ನಾವು ಸಿಕ್ಕಿದ್ದೆಲ್ಲ ಹೊದ್ದು ಕೂತಿದ್ದೆವು. ಓಟದ ನಾಯಿಗಳಿಗೆ ಅದು ಹಾಯಾದ ಹವೆ! ಇಡಿಟರಾಡ್ ದಾರಿಯಲ್ಲಿ ಕೆಲವೊಮ್ಮೆ ಮೈನಸ್ 40ಕ್ಕೂ ಇಳಿಯುತ್ತದೆ. ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ ಎಂದು ಕೇಳಬೇಡಿ. ಮೈನಸ್ 40ರಲ್ಲಿ ಎರಡೂ ಒಂದೇ!

ವಯಸ್ಸಾಯಿತು ಅನ್ನುವವರಿಗೆ ಕರ್ನಲ್ ನಾರ್ಮನ್ ವಾನ್ ಅವರನ್ನು ತೋರಿಸಬೇಕು. 1990ರಲ್ಲಿ ಇಡಿಟರಾಡ್ ಮುಗಿಸಿದಾಗ ಅವರಿಗೆ 84! ಇವರೇ 1928ರಲ್ಲಿ ಅಡ್ಮಿರಲ್ ಬರ್ಡ್ ಜೊತೆ ಅಂಟಾರ್ಕ್ಟಿಕಾಕ್ಕೆ ನಾಯಿಬಂಡಿ ಒಯ್ದವರು. 1932ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನವಾಗಿ ನಡೆದ ನಾಯಿಬಂಡಿ ಓಟದಲ್ಲೂ ಓಡಿದ್ದರು. ಹೌದು, ಒಲಿಂಪಿಕ್ಸ್‌ನಲ್ಲಿ ಒಮ್ಮೆ ಅದೂ ಇತ್ತು!

ಕಣ್ಣು ಸರಿಯಾಗಿ ಕಾಣದವರು? ರೇಚಲ್ ಸ್ಕಡೋರಿಸ್ ಕಾನೂನಿನ ಲೆಕ್ಕದಲ್ಲಿ ಅಂಧರು. ಮುಂದೆ ಇನ್ನೊಂದು ಬಂಡಿಯಲ್ಲಿ ಹೋಗುವವರು ದಾರಿಯ ಅಡೆತಡೆಗಳನ್ನು ರೇಡಿಯೊದಲ್ಲಿ ಹೇಳುತ್ತಿದ್ದರು. 2006ರಲ್ಲಿ ನೋಮ್ ಮುಟ್ಟಿಯೇ ಬಿಟ್ಟರು!

2020ರಲ್ಲಿ ನಾರ್ವೆಯ ಥಾಮಸ್ ವಾರ್ನರ್ ಗೆದ್ದರು, ಆದರೆ ಮನೆಗೆ ಹೋಗಲಾಗಲಿಲ್ಲ! ಕೊರೊನಾದಿಂದ ವಿಮಾನಗಳು ನಿಂತಿದ್ದವು. ತಿಂಗಳುಗಟ್ಟಲೆ ಅಲಾಸ್ಕಾದಲ್ಲೇ ಉಳಿದರು. ಕೊನೆಗೆ ನಾರ್ವೆಯ ಮ್ಯೂಸಿಯಂ ಒಂದಕ್ಕೆ ಹೊರಟಿದ್ದ ಹಳೇ ಡಿಸಿ-6 ವಿಮಾನದಲ್ಲಿ ನಾಯಿಗಳ ಸಮೇತ ಊರು ಸೇರಿದರು.

ಈ ದಾರಿಗೆ ಇಷ್ಟು ಗೌರವ ಯಾಕೆ? 1925ರ ಚಳಿಗಾಲದಲ್ಲಿ ನೋಮ್‌ನ ಮಕ್ಕಳಿಗೆ ಡಿಫ್ತೀರಿಯಾ ಅಂಟಿತು. ಔಷಧ ತಲುಪಿಸಲು ಇಪ್ಪತ್ತು ಮಷರ್‌ಗಳು ಒಬ್ಬರಿಂದೊಬ್ಬರಿಗೆ ದಾಟಿಸುತ್ತ 674 ಮೈಲಿ ಓಡಿದರು. ಐದೂವರೆ ದಿನ! ಕೊನೆಗೆ ಊರು ಮುಟ್ಟಿದ ನಾಯಿ ಬಾಲ್ಟೊಗೆ ಅದೇ ವರ್ಷ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ನಿಂತಿತು. ಪ್ರತಿಮೆಯ ಅನಾವರಣಕ್ಕೆ ಬಾಲ್ಟೊ ಖುದ್ದಾಗಿ ಬಂದಿತ್ತು! ಆದರೆ ಎಲ್ಲರಿಗಿಂತ ದೂರ, ಎಲ್ಲರಿಗಿಂತ ಅಪಾಯದ ದಾರಿ ಓಡಿದ್ದು ಲಿಯೊನಾರ್ಡ್ ಸೆಪಾಲ ಅವರ ಟೋಗೊ. ಆಗ ಅದಕ್ಕೆ 12 ವರ್ಷ! ಅರ್ಧ ಕೀರ್ತಿಯಾದರೂ ಟೋಗೊಗೆ ಸಲ್ಲಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಕೊನೆಯವರಿಗೂ ಇಲ್ಲಿ ಬಹುಮಾನ ಉಂಟು, ಒಂದು ಕೆಂಪು ಲಾಟೀನು! ಕೊನೆಯ ಮಷರ್ ಬರುವವರೆಗೂ ನೋಮ್‌ನಲ್ಲಿ ಒಂದು ದೀಪ ಉರಿಯುತ್ತಲೇ ಇರುತ್ತದೆ. 1973ರ ಮೊದಲ ಓಟದ ಕೊನೆಯವರು ಬಂದದ್ದು 32 ದಿನಗಳ ನಂತರ!

ಎಲ್ಲವೂ ಖುಷಿಯ ಸಂಗತಿಯಲ್ಲ. 2024ರ ಓಟದಲ್ಲಿ ಮೂರು ನಾಯಿಗಳು ಸತ್ತವು. ಈ ಓಟವೇ ಬೇಡ ಎನ್ನುವವರ ದನಿಯೂ ಜೋರಾಗಿದೆ, ಅದನ್ನು ಕೇಳಿಸಿಕೊಳ್ಳಲೇಬೇಕು. ಈಗ ದಾರಿಯಲ್ಲಿ ನಾಯಿ ಸತ್ತರೆ, ತಪ್ಪಿಸಲಾಗದ ಅವಘಡವಲ್ಲದಿದ್ದರೆ, ಆ ಮಷರ್ ಓಟದಿಂದ ಹೊರಗೆ.

ಇನ್ನು ನಮ್ಮೂರಿನ ಹಸ್ಕಿಗಳು! ಶೂನ್ಯಕ್ಕಿಂತ ಕೆಳಗೆ ಓಡಲೆಂದೇ ಹುಟ್ಟಿದ ತಳಿ ಅದು. ಹಿಮ ಕರಗುವಷ್ಟು ಬೆಚ್ಚಗಾದರೆ ಅಲಾಸ್ಕಾದ ಮಷರ್‌ಗಳೇ ಹಗಲು ನಾಯಿಗಳನ್ನು ಮಲಗಿಸಿ ರಾತ್ರಿ ಓಡಿಸುತ್ತಾರೆ. ಕ್ಯಾರಲ್ಟನ್‌ನ ಜುಲೈ ಬಿಸಿಲು ನೂರು ಡಿಗ್ರಿ ದಾಟುತ್ತದೆ. ನಿಮ್ಮ ಮನೆಯಲ್ಲಿ ಹಸ್ಕಿ ಇದ್ದರೆ ದಯವಿಟ್ಟು ಮಧ್ಯಾಹ್ನ ಡಾಂಬರಿನ ಮೇಲೆ ನಡೆಸಬೇಡಿ. ಬೆಳಗಿನ ಜಾವ ಕರೆದೊಯ್ಯಿರಿ, ನೀರು ಮರೆಯಬೇಡಿ.

ಓಟ ನೋಡಬೇಕೇ? ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಶನಿವಾರ ಆಂಕರೇಜ್‌ನಲ್ಲಿ ಮೆರವಣಿಗೆಯ ಆರಂಭ. ಅಲ್ಲಿ ಬೆಳಿಗ್ಗೆ 10 ಅಂದರೆ ನಮಗೆ ಮಧ್ಯಾಹ್ನ 1. ಬೀದಿಯಲ್ಲಿ ಹಿಮ ಸಾಲದಿದ್ದರೆ ಹೊರಗಿನಿಂದ ತಂದು ಸುರಿಯುತ್ತಾರೆ, 2016ರಲ್ಲಿ ರೈಲಿನಲ್ಲಿ ತಂದಿದ್ದರು! ಮೊದಲು ಹೊರಡುವ ಮಷರ್ ಅಂಗಿಯ ಮೇಲೆ ಯಾವ ನಂಬರು ಇರುತ್ತದೆ ಗೊತ್ತೇ? ಎರಡು! ಒಂದನೇ ನಂಬರು ಯಾವ ಸ್ಪರ್ಧಿಗೂ ಇಲ್ಲ. ಅದು ಆ ವರ್ಷ ಗೌರವಕ್ಕೆ ಪಾತ್ರರಾದ ಹಿರಿಯರೊಬ್ಬರಿಗೆ ಮೀಸಲು.